ಮೊದಲ ದಿನವೇ ಕೊಲೋಸಿಯಂ ಬೇಕಾ?

ಪ್ರಶ್ನೆ: ಜೂನ್‌ನಲ್ಲಿ ನಾವಿಬ್ಬರೂ ಮೊದಲ ಸಲ ರೋಮ್‌ಗೆ ಹೋಗುತ್ತಿದ್ದೇವೆ. ವಿಮಾನ ಇಳಿಯುವುದು ಬೆಳಿಗ್ಗೆ 8ಕ್ಕೆ. ಇರುವುದು ನಾಲ್ಕೇ ದಿನ ಅಂತ ನಮ್ಮ ಯಜಮಾನರು ಅವತ್ತೇ 12ಕ್ಕೆ ಕೊಲೋಸಿಯಂ, ಮೂರೂವರೆಗೆ ವ್ಯಾಟಿಕನ್ ಮ್ಯೂಸಿಯಂ ಅಂತ ಎಕ್ಸೆಲ್ ಶೀಟ್ ಮಾಡಿಟ್ಟಿದ್ದಾರೆ. ನನಗೆ ಮೊದಲ ದಿನ ಸುಮ್ನೆ ಓಡಾಡಬೇಕು ಅಂತ ಆಸೆ. "ಇಷ್ಟು ದುಡ್ಡು ಹಾಕಿ ಸುಮ್ನೆ ಓಡಾಡೋಕೆ ಹೋಗ್ಬೇಕಾ" ಅಂತಾರೆ. ಯಾರು ಸರಿ?

ಉತ್ತರ: ನೀವೇ ಸರಿ. ಆದರೆ ಈ ಪುಟವನ್ನು ಅವರ ಮುಂದೆ ಹಿಡಿಯಬೇಡಿ, ಜಗಳ ಜಾಸ್ತಿ ಆಗುತ್ತದೆ.

ನಮ್ಮ ಮನೆಯಲ್ಲಿ ಆ ಎಕ್ಸೆಲ್ ಶೀಟ್ ಮಾಡಿದವನು ನಾನು. ವಿಮಾನ ಎರಡು ಗಂಟೆ ತಡ. ಆಮೇಲೆ ಒಂದು ಸೂಟ್‌ಕೇಸ್ ಬೆಲ್ಟ್ ಮೇಲೆ ಬರಲೇ ಇಲ್ಲ. ಅದಕ್ಕೆ ಫಾರಂ ತುಂಬುತ್ತಾ ನಿಂತಿದ್ದಾಗಲೇ ಕೊಲೋಸಿಯಂನ ನಮ್ಮ ಸಮಯ ಕಳೆದುಹೋಯಿತು. ಅಲ್ಲಿನ ಟಿಕೆಟ್ ಮೇಲೆ ನಿಮ್ಮ ಹೆಸರೂ ಇರುತ್ತದೆ, ಒಳಗೆ ಹೋಗುವ ಗಂಟೆಯೂ ಇರುತ್ತದೆ. ತಡವಾದರೆ ದುಡ್ಡು ಹೋಯಿತು ಅಂತಲೇ ಲೆಕ್ಕ. ಹೆಂಡತಿ ಏನೂ ಅನ್ನಲಿಲ್ಲ, ಅದೇ ಕಷ್ಟವಾಗಿದ್ದು!

ಇನ್ನು ವ್ಯಾಟಿಕನ್ ಮ್ಯೂಸಿಯಂ ಅಂದರೆ ಮುಗಿಯದ ಉದ್ದುದ್ದ ಹಜಾರಗಳು. ಅಷ್ಟೂ ನಡೆದ ಮೇಲೆ ಕೊನೆಗೆ ಸಿಸ್ಟೀನ್ ಚಾಪೆಲ್, ಅಲ್ಲಿ ಕತ್ತೆತ್ತಿ ಮೈಕೆಲಾಂಜೆಲೊ ಚಿತ್ರ ಬರೆದ ಚಾವಣಿ ನೋಡಬೇಕು. ನಿದ್ದೆಗೆಟ್ಟ ಕಣ್ಣಲ್ಲಿ ಅದನ್ನು ನೋಡುವುದಕ್ಕಿಂತ ನೋಡದೇ ಇರುವುದೇ ವಾಸಿ.

ಹಾಗಾದರೆ ಮೊದಲ ದಿನ ಏನು ಮಾಡಬೇಕು? ಫ್ಯೂಮಿಚೀನೊ ವಿಮಾನ ನಿಲ್ದಾಣದಿಂದ ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲು ಅರ್ಧ ಗಂಟೆಯಲ್ಲಿ ಊರೊಳಗಿನ ದೊಡ್ಡ ರೈಲು ನಿಲ್ದಾಣ ಟರ್ಮಿನಿಗೆ ತಂದುಬಿಡುತ್ತದೆ. ಬ್ಯಾಗುಗಳನ್ನು ಹೋಟೆಲಿನಲ್ಲಿ ಎಸೆದು ಪ್ಯಾಂಥಿಯನ್ ಅನ್ನುವ ಹಳೇ ರೋಮನ್ ದೇವಾಲಯದ ಕಡೆ ಹೊರಡಿ. ಹೊರಗಿನಿಂದ ಏನೋ ಹಳೇ ಕಟ್ಟಡ ಅನ್ನಿಸುತ್ತದೆ. ಒಳಗೆ ಕಾಲಿಟ್ಟರೆ ಮಾತು ನಿಂತುಹೋಗುತ್ತದೆ. ಸುಮಾರು 1900 ವರ್ಷ ಹಳೆಯ ಗುಮ್ಮಟ, ಅಗಲ 43 ಮೀಟರ್, ನೆಲದಿಂದ ಎತ್ತರವೂ ಅಷ್ಟೇ. ಒಳಗೆ ಕಬ್ಬಿಣದ ಸರಳಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇವತ್ತಿಗೂ ಇದಕ್ಕಿಂತ ದೊಡ್ಡದು ಜಗತ್ತಿನಲ್ಲಿ ಇಲ್ಲ. ನೆತ್ತಿಯ ಮೇಲೆ ದೊಡ್ಡ ತೂತು, ಅದಕ್ಕೆ ಗಾಜೂ ಇಲ್ಲ, ಮುಚ್ಚಳವೂ ಇಲ್ಲ. ಮಳೆ ಬಂದರೆ ನೀರು ಸೀದಾ ಒಳಗೇ! ನೆಲ ನೋಡಿ, ನೀರು ಇಳಿಯಲು ಸಣ್ಣ ಸಣ್ಣ ತೂತುಗಳಿವೆ. ತೂತಿನಿಂದ ಬಿದ್ದ ಬಿಸಿಲಿನ ದುಂಡು ಗೋಡೆ ಮೇಲೆ ನಿಧಾನ ಜರುಗುತ್ತಿರುತ್ತದೆ. ನನ್ನ ಹೆಂಡತಿ ಅದನ್ನೇ ನೋಡುತ್ತಾ ಕೂತವಳು ಆಮೇಲೆ ತಾನಾಗೇ ಮಾತಾಡಿದಳು.

ಅಲ್ಲಿಂದ ಐದಾರು ನಿಮಿಷ ನಡೆದರೆ ಪಿಯಾಝಾ ನವೋನಾ ಅನ್ನುವ ಚೌಕ. ನಡುವೆ ಶಿಲ್ಪಿ ಬರ್ನಿನಿ 1651ರಲ್ಲಿ ಮುಗಿಸಿದ ನಾಲ್ಕು ನದಿಗಳ ಕಾರಂಜಿ ಇದೆ. ಒಂದೊಂದು ನದಿಗೂ ಒಬ್ಬೊಬ್ಬ ಗಂಡಸಿನ ಆಕೃತಿ. ನೈಲ್ ತಲೆಗೆ ಮುಸುಕು ಹೊದ್ದುಕೊಂಡಿದೆ, ಆ ನದಿ ಎಲ್ಲಿ ಹುಟ್ಟುತ್ತದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ ಅಲ್ವಾ, ಅದಕ್ಕೆ. ಕೈಯಲ್ಲಿ ದೋಣಿಯ ಹುಟ್ಟು ಹಿಡಿದ ಗಡ್ಡದ ಆಸಾಮಿಯೇ ನಮ್ಮ ಗಂಗೆ. ಇಬ್ಬರಲ್ಲಿ ಯಾರು ಮೊದಲು ಗುರುತು ಹಿಡಿಯುತ್ತೀರಿ ನೋಡಿ.

ಬಾಯಾರಿದರೆ ಬಾಟಲಿ ನೀರು ಕೊಳ್ಳಬೇಡಿ. ರಸ್ತೆ ಪಕ್ಕ ಎರಕದ ಕಬ್ಬಿಣದ ಗಿಡ್ಡ ಕಂಬಗಳಲ್ಲಿ ಕುಡಿಯುವ ನೀರು ಹರಿಯುತ್ತಲೇ ಇರುತ್ತದೆ, ನಸೋನೆ ಅನ್ನುತ್ತಾರೆ, ದೊಡ್ಡ ಮೂಗು ಅಂತ ಅರ್ಥ. ಕೊಳವೆಯ ಬಾಯಿಗೆ ಬೆರಳು ಒತ್ತಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೇ ಕುಡಿಯಬಹುದು. ಜೋರಾಗಿ ಒತ್ತಿದರೆ ಮುಖಕ್ಕೇ ಬರುತ್ತದೆ. ಕಾಲು ಸೋತು ಸ್ಪ್ಯಾನಿಷ್ ಸ್ಟೆಪ್ಸ್ ಅನ್ನುವ ಹೆಸರಾಂತ ಮೆಟ್ಟಿಲುಗಳ ಮೇಲೆ ಮಾತ್ರ ಕೂರಬೇಡಿ, 2019ರಿಂದ ಅಲ್ಲಿ ಕೂತರೆ ದಂಡ.

ಜೂನ್‌ನಲ್ಲಿ ರೋಮ್ ಗಡಿಯಾರ ಭಾರತಕ್ಕಿಂತ ಮೂರೂವರೆ ಗಂಟೆ ಹಿಂದೆ. ಅಂದರೆ ಸಂಜೆ ಆರೂವರೆಗೇ ಕಣ್ಣು ಎಳೆಯುತ್ತದೆ. ಹೇಗಾದರೂ ಒಂಬತ್ತರವರೆಗೆ ತಳ್ಳಿ. ಆದರೂ ಮರುದಿನ ಕತ್ತಲಲ್ಲೇ ಎಚ್ಚರ ಆಗುತ್ತದೆ, ಒಳ್ಳೆಯದೇ. ಗುಂಪು ಸೇರುವ ಮುಂಚೆ ಟ್ರೆವಿ ಕಾರಂಜಿ ನೋಡಿಕೊಂಡು, ಬೆಳಗಿನ ಮೊದಲ ಟಿಕೆಟ್‌ಗೇ ಕೊಲೋಸಿಯಂ ಒಳಗೆ ಹೋಗಿ. ಯಜಮಾನರಿಗೆ ಹೀಗೆ ಹೇಳಿ: ಶೀಟ್ ಹಾಗೇ ಇರಲಿ, ಎಲ್ಲವನ್ನೂ ಒಂದು ಸಾಲು ಕೆಳಗೆ ಇಳಿಸಿದರೆ ಸಾಕು. ವ್ಯಾಟಿಕನ್ ಮಾತ್ರ ಭಾನುವಾರಕ್ಕೆ ಬೀಳದ ಹಾಗೆ ನೋಡಿಕೊಳ್ಳಿ. ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಅವತ್ತು ಮ್ಯೂಸಿಯಂಗೆ ರಜೆ.

ಪ್ರಶ್ನೆ: ರೋಮ್‌ನಲ್ಲಿ ಒಂದೇ ಕಾಫಿಗೆ ಎರಡು ರೇಟ್ ಹಾಕಿದ್ದರು. ಮೋಸ ಹೋದೆವಾ?

ಉತ್ತರ: ಇಲ್ಲ. ಕೌಂಟರ್ ಹತ್ತಿರ ನಿಂತು ಕುಡಿದರೆ ಒಂದು ಬೆಲೆ, ಟೇಬಲ್‌ಗೆ ತರಿಸಿಕೊಂಡರೆ ಇನ್ನೊಂದು. ಅಲ್ಲಿಯವರು ಜಾಸ್ತಿ ಜನ ನಿಂತೇ ಎರಡು ಗುಟುಕಿಗೆ ಮುಗಿಸಿ ಹೋಗುತ್ತಾರೆ. ನೀವು ಕೂತಿರಿ, ಕುರ್ಚಿಗೂ ಸೇರಿಸಿ ದುಡ್ಡು ಕೊಟ್ಟಿರಿ, ಅಷ್ಟೇ.