ಓದುಗರ ಪ್ರಶ್ನೆ: ಧಿಗಿಣ ಮುಗಿಯುವವರೆಗೆ ಎದುರಾಳಿ ಕಾಯುವುದಿಲ್ಲ

ಉಡುಪಿಯ ನಾಲ್ವರು ಗೆಳೆಯರು ತಾವೇ ಕಲ್ಪಿಸಿಕೊಂಡ ಮೂರು ಭಾಗಗಳ ಆನಿಮೇಷನ್ ಚಿತ್ರಮಾಲೆಯೊಂದನ್ನು ಆಧರಿಸಿ ಆರ್ಕೇಡ್ ಫೈಟಿಂಗ್ ಗೇಮ್ (ಗೇಮ್ ಝೋನ್‌ನ ಯಂತ್ರದಲ್ಲಿ ಇಬ್ಬರು ತಮ್ಮ ಪಾತ್ರಗಳನ್ನು ಹೊಡೆದಾಡಿಸುವ ಆಟ) ರೂಪಿಸುತ್ತಿರುವ ವಿಷಯ ಕಳೆದ ಸಂಚಿಕೆಯ ಪತ್ರವೊಂದರಲ್ಲಿ ಬಂದಿತ್ತು. ಚಿತ್ರಗಳ ಪಾತ್ರಗಳೆಲ್ಲ ಯಕ್ಷಗಾನದ ವೇಷದಲ್ಲಿವೆ. ಪುರಾಣದ ಕಾಳಗಗಳೇ ಕಥಾವಸ್ತು. ಆ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಎರಡನೆಯ ಚಿತ್ರದಲ್ಲಿ ಅಭಿಮನ್ಯು ಧಿಗಿಣ (ಯಕ್ಷಗಾನದಲ್ಲಿ ನೆಗೆದು ಸುತ್ತುವ ಕುಣಿತ) ಹಾಕಿ, ಸುತ್ತಿ ಬಂದು ಖಡ್ಗ ಬೀಸುವ ಸುಮಾರು ಒಂದೂಕಾಲು ಸೆಕೆಂಡಿನ ದೃಶ್ಯವಿದೆ. ಅದನ್ನು ಹಾಗೆಯೇ ಗೇಮಿಗೆ ಅಳವಡಿಸಿದೆವು. ಆಡಿ ನೋಡಿದವರೆಲ್ಲ ‘ಬಟನ್ ಒತ್ತಿದರೂ ಪಾತ್ರ ಕೇಳುವುದಿಲ್ಲ’ ಎನ್ನುತ್ತಾರೆ. ಕಂಪ್ಯೂಟರಿನ ವೇಗ ಸಾಲದೇ?
– ಗೆಳೆಯರ ಬಳಗ, ಉಡುಪಿ

ಉತ್ತರ: ಕಂಪ್ಯೂಟರನ್ನು ಬದಲಿಸಬೇಕಾಗಿಲ್ಲ. ಚಿತ್ರದ ಕಾಲಮಾನ ಬೇರೆ, ಗೇಮಿನ ಕಾಲಮಾನ ಬೇರೆ ಎಂಬುದನ್ನು ಒಪ್ಪಿಕೊಂಡು ಆ ಒಂದೂಕಾಲು ಸೆಕೆಂಡನ್ನು ಹೊಸದಾಗಿ ಹಂಚಬೇಕು.

ಸಿನಿಮಾ ಸೆಕೆಂಡಿಗೆ 24 ಫ್ರೇಮ್‌ಗಳಲ್ಲಿ, ಎಂದರೆ ಪರದೆಯ ಮೇಲೆ ಬಿಡಿ ಚಿತ್ರ 24 ಸಲ ಮೂಡುವಂತೆ, ಓಡುತ್ತದೆ. ಕೈಯಿಂದ ಬಿಡಿಸುವ ಆನಿಮೇಷನ್ನಿನಲ್ಲಿ ಅನೇಕ ವೇಳೆ ಒಂದು ಚಿತ್ರವನ್ನು ಎರಡು ಫ್ರೇಮ್‌ಗಳ ಕಾಲ ನಿಲ್ಲಿಸುವುದರಿಂದ, ಸೆಕೆಂಡಿಗೆ 12 ಚಿತ್ರಗಳಿದ್ದರೂ ಕಣ್ಣಿಗೆ ಕೊರತೆ ತೋರುವುದಿಲ್ಲ. ಫೈಟಿಂಗ್ ಗೇಮ್‌ಗಳು ಸಾಮಾನ್ಯವಾಗಿ ಸೆಕೆಂಡಿಗೆ 60 ಫ್ರೇಮ್‌ಗಳ ಲೆಕ್ಕದಲ್ಲಿ ನಡೆಯುತ್ತವೆ. ಆಟಗಾರನ ಕೈ ಏನು ಮಾಡುತ್ತಿದೆ ಎಂಬುದನ್ನು ಯಂತ್ರ ಒಂದೊಂದು ಫ್ರೇಮಿಗೂ ಗಮನಿಸುತ್ತದೆ. ನಿಮ್ಮ ಅಭಿಮನ್ಯುವಿನ ಒಂದೂಕಾಲು ಸೆಕೆಂಡು ಇಲ್ಲಿ 75 ಫ್ರೇಮ್ ಆಗುತ್ತದೆ. ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ ಸೆಕೆಂಡಿನ ಐದನೆಯ ಒಂದು ಭಾಗದಿಂದ ಕಾಲು ಸೆಕೆಂಡಿನವರೆಗೆ, ಎಂದರೆ 12ರಿಂದ 15 ಫ್ರೇಮ್ ಸಾಕು. ಆದ್ದರಿಂದ ಅಭಿಮನ್ಯು ಕಾಲೆತ್ತಿದ ಕೂಡಲೇ ಎದುರಾಳಿ ಆತನ ಉದ್ದೇಶವನ್ನು ಅರಿತು, ಹಿಂದೆ ಸರಿದು, ಮತ್ತೆ ಮುಂದೆ ಬಂದು ಎರಡೇಟು ಹಾಕಿದರೂ ನಿಮ್ಮ ವೀರ ಇನ್ನೂ ಸುತ್ತುತ್ತಲೇ ಇರುತ್ತಾನೆ. ಆತನನ್ನು ಆಡಿಸುವವರಿಗೆ ಬಟನ್ ಸತ್ತಂತೆ ಅನ್ನಿಸುವುದು ಸಹಜ.

ಈ ಪ್ರಕಾರದ ಗೇಮ್‌ಗಳಲ್ಲಿ ಪ್ರತಿ ಏಟಿಗೂ ಮೂರು ಹಂತಗಳಿರುತ್ತವೆ: ಏಟು ಹೊರಡುವ ಮುನ್ನಿನ ಸಿದ್ಧತೆ, ಏಟು ತಾಗಬಲ್ಲ ಗಳಿಗೆ, ಮತ್ತು ಪಾತ್ರ ಮೊದಲಿನ ನಿಲುವಿಗೆ ಮರಳುವ ಅವಧಿ. ಸಿನಿಮಾದ ಆನಿಮೇಟರ್ ತನ್ನ ಕಲೆಯ ಬಹುಪಾಲನ್ನು ಮೊದಲನೆಯ ಹಂತದಲ್ಲಿ ಇಡುತ್ತಾನೆ. ತೋಳು ಹಿಂದಕ್ಕೆ ಸರಿದು, ಮೈ ಬಾಗಿ, ಕಣ್ಣು ಅಗಲವಾದಾಗಲೇ ಪ್ರೇಕ್ಷಕನಿಗೆ ಏಟಿನ ಭಾರ ತಿಳಿಯುವುದು. ಗೇಮಿನಲ್ಲಿ ಹಗುರ ಏಟಿಗೆ ಸಿಗುವ ಸಿದ್ಧತೆ 3ರಿಂದ 5 ಫ್ರೇಮ್ ಮಾತ್ರ. ಭಾರಿ ಏಟಿಗೆ ಸುಮಾರು 10. ಇಷ್ಟು ಬೇಗ ಬರುವ ಏಟನ್ನು ನೋಡಿ ತಡೆಯುವುದು ಯಾರಿಂದಲೂ ಆಗದು. ಎದುರಾಳಿಯ ಮನಸ್ಸನ್ನು ಮೊದಲೇ ಊಹಿಸಿ ತಡೆಯಬೇಕು. ಈ ಊಹೆಯ ಪೈಪೋಟಿಯೇ ಆಟದ ಜೀವ. ಹಾಗೆಂದು ಎಲ್ಲ ಏಟುಗಳನ್ನೂ ಚುಟುಕಾಗಿಸಬೇಡಿ. ಕುಳಿತು ತಡೆಯುವವನ ತಲೆಯ ಮೇಲೆ ಬೀಳುವಂಥ ಏಟಿಗೆ 20ಕ್ಕಿಂತ ಹೆಚ್ಚು ಫ್ರೇಮ್‌ಗಳ ಸಿದ್ಧತೆ ಇಟ್ಟರೆ, ಎಚ್ಚರವಿರುವ ಆಟಗಾರ ಅದನ್ನು ನೋಡಿಯೇ ಎದ್ದು ತಡೆಯಬಲ್ಲ, ಅದು ನ್ಯಾಯ.

ಹಾಗಾದರೆ ಧಿಗಿಣ ಎಲ್ಲಿಗೆ ಹೋಗಬೇಕು? ಅದನ್ನು ಏಟಿನ ಮುಂಚೆ ಇಡದೆ ಆಮೇಲೆ ಇಡಿ. ಖಡ್ಗ ಮೊದಲು ಬೀಸಲಿ, ಅದರ ರಭಸಕ್ಕೆ ಅಭಿಮನ್ಯು ಸುತ್ತಿ ಬಂದು ನಿಲ್ಲಲಿ. ಆಗ ಚೆಲುವೂ ಉಳಿಯುತ್ತದೆ. ಏಟು ತಪ್ಪಿದರೆ ಸುತ್ತು ಮುಗಿಯುವವರೆಗೆ ಮೈ ತೆರೆದಿರುವ ಅಪಾಯವನ್ನು ಆಟಗಾರ ತಾನಾಗಿ ಆರಿಸಿಕೊಂಡಂತೆಯೂ ಆಗುತ್ತದೆ. ಪೂರ್ಣ ಧಿಗಿಣಗಳ ಸರಣಿಯನ್ನು ಆಡುತ್ತ ಹೋದಂತೆ ಪರದೆಯ ಮೇಲೆ ತುಂಬುವ ಶಕ್ತಿಪಟ್ಟಿ ಪೂರ್ತಿಯಾದಾಗ ಸಿಗುವ ಮಹಾಪ್ರಹಾರಕ್ಕೆ ಮೀಸಲಿಡಿ. ಅಲ್ಲಿ ಎದುರಾಳಿಯ ಕಾಲವನ್ನೇ ನಿಲ್ಲಿಸುವ ರೂಢಿ ಇರುವುದರಿಂದ ನಿಮ್ಮ ಚಿತ್ರದ ದೃಶ್ಯವನ್ನು ಒಂದು ಚೂರೂ ಕತ್ತರಿಸಬೇಕಾಗಿಲ್ಲ.

ಕೈಯಿಂದ ಬಿಡಿಸಿದ ಚಿತ್ರದ ಗುಣ ಈ ವೇಗದಲ್ಲಿ ಕಳೆದುಹೋಗುತ್ತದೆಂಬ ಅಂಜಿಕೆ ಬೇಡ. ಜಪಾನಿನ ಆರ್ಕ್ ಸಿಸ್ಟಮ್ ವರ್ಕ್ಸ್ ಸಂಸ್ಥೆ 2014ರಲ್ಲಿ ಆರ್ಕೇಡಿಗೆ ತಂದ ‘ಗಿಲ್ಟಿ ಗಿಯರ್ ಎಕ್ಸ್‌ಆರ್‌ಡಿ’ಯಲ್ಲಿ ಪಾತ್ರಗಳು ಮೂರು ಆಯಾಮದವು, ಆದರೂ ಒಂದು ಭಂಗಿಯಿಂದ ಇನ್ನೊಂದಕ್ಕೆ ನಯವಾಗಿ ಜಾರದೆ, ಬಿಡಿಸಿದ ಚಿತ್ರಗಳಂತೆ ನಿಂತು ನಿಂತು ಬದಲಾಗುತ್ತವೆ. ಅದೇ ಸಂಸ್ಥೆ ಇದೇ ಮಾರ್ಗದಲ್ಲಿ 2018ರ ‘ಡ್ರ್ಯಾಗನ್ ಬಾಲ್ ಫೈಟರ್‌ಝಡ್’ ರೂಪಿಸಿತು. ಚಿತ್ರ ಬದಲಾಗುವ ವೇಗ ಕಡಿಮೆಯಿದ್ದರೂ ಕೈಯ ಆಜ್ಞೆಯನ್ನು ಗಮನಿಸುವ ವೇಗ 60ರಲ್ಲೇ ಇರಬಹುದು. ಈ ಎರಡನ್ನು ಬೇರ್ಪಡಿಸುವುದೇ ನಿಮ್ಮ ಮೊದಲ ಕೆಲಸ.

ಪ್ರಶ್ನೆ: ಏಟು ತಾಗಿದಾಗ ಚೆಂಡೆಯ ಸದ್ದು ಹಾಕಬಹುದೇ, ಅದು ಬರಿಯ ಅಲಂಕಾರವಾದೀತೇ?
– ಓದುಗರು, ಕುಂದಾಪುರ

ಉತ್ತರ: ಖಂಡಿತ ಹಾಕಬೇಕು, ಅದು ಅಲಂಕಾರಕ್ಕಿಂತ ಮುಖ್ಯವಾದದ್ದು. ಕಿವಿಗೆ ಬಿದ್ದದ್ದಕ್ಕೆ ನಮ್ಮ ಕೈ ಕಣ್ಣಿಗೆ ಬಿದ್ದದ್ದಕ್ಕಿಂತ ಬೇಗ ಸ್ಪಂದಿಸುತ್ತದೆ. ಏಟು ತಾಗಿತೋ ತಡೆಯಲ್ಪಟ್ಟಿತೋ ಎಂಬುದನ್ನು ಬೇರೆ ಬೇರೆ ಪೆಟ್ಟುಗಳಿಂದ ಸೂಚಿಸಿದರೆ, ಮುಂದಿನ ಏಟನ್ನು ಜೋಡಿಸಬೇಕೇ ಬೇಡವೇ ಎಂದು ಆಟಗಾರ ಸದ್ದಿನಿಂದಲೇ ನಿರ್ಧರಿಸುತ್ತಾನೆ. ತಾಗಿದ್ದಕ್ಕೆ ಚೆಂಡೆ, ತಡೆದದ್ದಕ್ಕೆ ಮದ್ದಳೆ ಎಂದು ಇಟ್ಟರೆ ನಮ್ಮ ಕರಾವಳಿಯ ಕಿವಿಗೆ ವಿವರಣೆಯೇ ಬೇಡ. ಏಟು ತಾಗಿದ ಗಳಿಗೆಯಲ್ಲಿ ಇಬ್ಬರನ್ನೂ ಕೆಲವು ಫ್ರೇಮ್‌ಗಳ ಕಾಲ ಸ್ತಬ್ಧಗೊಳಿಸುವ ಪದ್ಧತಿಯೂ ಈ ಗೇಮ್‌ಗಳಲ್ಲಿದೆ. ಚೆಂಡೆಯ ಪೆಟ್ಟು ಆ ಸ್ತಬ್ಧತೆಯ ಮೊದಲ ಫ್ರೇಮಿನಲ್ಲೇ ಬೀಳಬೇಕು. ಒಂದೆರಡು ಫ್ರೇಮ್ ತಡವಾದರೂ ಏಟಿನ ಭಾರ ಇಳಿಯುತ್ತದೆ.

ಪ್ರಶ್ನೆ: ತುಳುನಾಡಿನ ಗೇಮ್ ಎಂದ ಮೇಲೆ ಪಂಜುರ್ಲಿ, ಕೊರಗಜ್ಜ ಮುಂತಾದ ದೈವಗಳನ್ನೂ ಪಾತ್ರಗಳಾಗಿ ಸೇರಿಸಿದರೆ ಜನ ಹೆಚ್ಚು ಆಡುತ್ತಾರಲ್ಲವೇ?
– ಕಾಲೇಜು ವಿದ್ಯಾರ್ಥಿ, ಸುರತ್ಕಲ್

ಉತ್ತರ: ಸೇರಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಫೈಟಿಂಗ್ ಗೇಮ್ ಎಂದರೆ ಪ್ರತಿಯೊಂದು ಪಾತ್ರವೂ ಪ್ರತಿಯೊಂದು ಪಾತ್ರದ ಕೈಯಲ್ಲಿ ಸೋಲಬಲ್ಲ ಆಟ. ಸೋಲು ಅದರ ರಚನೆಯಲ್ಲೇ ಇದೆ. ಮನೆಯಲ್ಲಿ ಹರಕೆ ಹೊತ್ತು ಕೋಲ, ನೇಮ ಕೊಡುವ ದೈವವನ್ನು ಬಟನ್ ಒತ್ತಿ ನೆಲಕ್ಕೆ ಕೆಡಹುವ ಸ್ಥಿತಿಯನ್ನು ಯಾವ ನೆಪದಿಂದಲೂ ಸಮರ್ಥಿಸಲಾಗದು. ವೇದಿಕೆಯ ಮೇಲೆ ದೈವದ ಅನುಕರಣೆ ನಡೆದಾಗಲೇ ಇಲ್ಲಿನ ಜನ ನೊಂದು ಆಕ್ಷೇಪಿಸಿದ್ದಾರೆ.

ಯಕ್ಷಗಾನದ ರಕ್ಕಸರ ವಿಷಯ ಬೇರೆ. ಪ್ರಸಂಗದಲ್ಲೇ ಅವರಿಗೆ ಸೋಲಿದೆ, ಗೆಲುವಿನ ಅಟ್ಟಹಾಸವೂ ಇದೆ. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನಲ್ಲಿ ಮಹಿಷಾಸುರ ದೀವಟಿಗೆಗಳ ನಡುವೆ ಪ್ರೇಕ್ಷಕರ ಮಧ್ಯದಿಂದಲೇ ಅಬ್ಬರಿಸುತ್ತ ರಂಗಕ್ಕೆ ಬರುತ್ತಾನೆ; ಪಂದ್ಯದ ಆರಂಭಕ್ಕೆ ಇದಕ್ಕಿಂತ ಒಳ್ಳೆಯ ಪ್ರವೇಶ ಸಿಗುವುದೇ? ಇಲ್ಲೊಂದು ತಾಂತ್ರಿಕ ಎಚ್ಚರ ಬೇಕು. ಪಾತ್ರದ ಮೈಗೆ ಏಟು ತಾಗಬಹುದಾದ ಭಾಗವನ್ನು ಕಣ್ಣಿಗೆ ಕಾಣದ ಚೌಕಗಳಿಂದ ಗುರುತಿಸುತ್ತಾರೆ. ಬಣ್ಣದ ವೇಷದ (ರಕ್ಕಸ ಪಾತ್ರಗಳ ವೇಷದ) ದೊಡ್ಡ ಕಿರೀಟವನ್ನೂ ಆ ಚೌಕಕ್ಕೆ ಸೇರಿಸಿದರೆ, ಬೇರೆಯವರ ತಲೆಯ ಮೇಲೆ ಹಾದುಹೋಗುವ ಏಟೆಲ್ಲ ಪಾಪ ಮಹಿಷನಿಗೆ ತಗಲುತ್ತದೆ. ಕಿರೀಟವನ್ನು ಹೊರಗಿಟ್ಟು ಮೈಗೆ ಮಾತ್ರ ಚೌಕ ಹಾಕಿ. ಚಿತ್ರದಲ್ಲಿ ಅಜೇಯನಾಗಿ ಕಾಣುವವನಿಗೆ ಗೇಮಿನಲ್ಲಿ ಭಾರಿ ಏಟು ಹೊಡೆಯುವ ಬಲ ಕೊಡಿ, ಬದಲಿಗೆ ನಡಿಗೆಯನ್ನು ನಿಧಾನವಾಗಿಸಿ.

ಪಿಲಿವೇಷದ (ಹುಲಿವೇಷದ) ಪಾತ್ರವೊಂದನ್ನು ಸೇರಿಸಬಹುದು. ಮಂಗಳೂರಿನ ದಸರಾ, ಉಡುಪಿಯ ಅಷ್ಟಮಿಗಳಲ್ಲಿ ತಾಸೆ ವಾದ್ಯದ ಪೆಟ್ಟಿಗೆ ಹುಲಿಗಳು ಕುಣಿಯುವುದನ್ನೂ, ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಂದಕ್ಕೆ ಎಸೆಯುವುದನ್ನೂ ನೋಡಿದವರಿಗೆ, ಎದುರಾಳಿಯನ್ನು ಹಿಡಿದು ಹಿಂದಕ್ಕೆ ಒಗೆಯುವ ಪಟ್ಟು ತಾನಾಗಿಯೇ ಹೊಳೆಯುತ್ತದೆ. ಹರಕೆಗಾಗಿ ವೇಷ ಹಾಕುವವರೂ ಇರುವುದರಿಂದ ಆ ಪಾತ್ರವನ್ನು ನಗೆಪಾಟಲು ಮಾಡಬೇಡಿ.

ಪ್ರಶ್ನೆ: ಇಂಥ ಯಂತ್ರವನ್ನು ಮಾಲ್‌ನ ಗೇಮ್ ಝೋನ್‌ನಲ್ಲಿ ಇಟ್ಟರೆ ಮಳೆಗಾಲದಲ್ಲಿ ಬಾಳಿಕೆ ಬರುತ್ತದೆಯೇ?
– ಓದುಗರು, ಮಂಗಳೂರು

ಉತ್ತರ: ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಉಪ್ಪುಗಾಳಿಯ ಊರು ನಮ್ಮದು. ಜಾಯ್‌ಸ್ಟಿಕ್‌ನಲ್ಲೂ ಬಟನ್‌ಗಳಲ್ಲೂ ಸಾಮಾನ್ಯವಾಗಿ ಪುಟ್ಟ ಸ್ವಿಚ್‌ಗಳಿರುತ್ತವೆ. ಅವುಗಳ ಲೋಹಕ್ಕೆ ಕಿಲುಬು ಹಿಡಿದರೆ ಒತ್ತಿದ್ದು ಒಮ್ಮೆ ತಾಗುತ್ತದೆ, ಒಮ್ಮೆ ಇಲ್ಲ. ಸ್ವಿಚ್‌ಗಳು ಬಿಡಿಬಿಡಿಯಾಗಿ ಸಿಗುತ್ತವೆ. ಅವನ್ನು ಸುಲಭವಾಗಿ ಕಳಚುವಂತೆ ಪೆಟ್ಟಿಗೆಯನ್ನು ಕಟ್ಟಿಸಿ, ಬಿಡಿಭಾಗ ಕೈಯಲ್ಲಿಟ್ಟುಕೊಳ್ಳಿ.

ಪ್ರಶ್ನೆ: ಯಕ್ಷಗಾನ ಎಲ್ಲರ ಸೊತ್ತು. ಅದರ ವೇಷ, ಪದ್ಯಗಳನ್ನು ಬಳಸಲು ಯಾರ ಅನುಮತಿಯಾದರೂ ಬೇಕೇ?
– ಓದುಗರು, ಬ್ರಹ್ಮಾವರ

ಉತ್ತರ: ಪರಂಪರೆಯಿಂದ ಬಂದ ವೇಷ, ಹೆಜ್ಜೆ, ಪುರಾಣದ ಕಥೆಗಳಿಗೆ ಬೇಕಾಗಿಲ್ಲ. ಒಬ್ಬರು ಹೊಸದಾಗಿ ಸೃಷ್ಟಿಸಿದ್ದಕ್ಕೆ ಬೇಕು. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯ ಹಕ್ಕಿನ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಪರಂಪರೆಯ ಕಲೆಯೊಳಗೂ ಒಬ್ಬ ಕಲಾವಿದನ ಹೊಸ ರಚನೆಗೆ ಕೃತಿಸ್ವಾಮ್ಯ ಉಂಟೆಂಬುದು 2009ರ ತೀರ್ಪಿನಲ್ಲಿ ಮಾನ್ಯವಾಯಿತು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಾಹಿತ್ಯ ಕೃತಿಯ ಹಕ್ಕು ಕವಿಯ ಮರಣಾನಂತರ 60 ವರ್ಷ ಇರುತ್ತದೆ. ಆದ್ದರಿಂದ ಅಭಿಮನ್ಯು ಕಾಳಗದ ಪದ್ಯಗಳನ್ನು ಭಾಗವತರಿಂದ ಹಾಡಿಸುವ ಮೊದಲು ಅವು ಯಾವ ಕವಿಯವು, ಯಾವ ಕಾಲದವು ಎಂದು ಅವರನ್ನೇ ವಿಚಾರಿಸಿ. ಭಾಗವತರ ಗಾಯನಕ್ಕೂ ಪ್ರತ್ಯೇಕ ಒಪ್ಪಂದ ಬರೆದುಕೊಂಡು, ಸಲ್ಲಬೇಕಾದ ಸಂಭಾವನೆಯನ್ನು ಧ್ವನಿಮುದ್ರಣದ ದಿನವೇ ಕೊಡಿ.