ಅನಿಮೆ (ಜಪಾನಿನ ಅನಿಮೇಷನ್) ಕಥೆಗಳಲ್ಲಿ ನಿಮಗೆ ಇಷ್ಟವಾಗುವುದು ಏನು, ಇಷ್ಟವಾಗದಿರುವುದು ಏನು?

ನನಗೆ ಜಾಸ್ತಿ ಇಷ್ಟ ಅದರಲ್ಲಿನ ಸುಮ್ಮನಿರುವ ಹೊತ್ತು. 1988ರ ‘ಮೈ ನೇಬರ್ ಟೊಟೊರೊ’ ನೋಡಿ. ಮಳೆ, ಕತ್ತಲು, ಒಂದು ಬಸ್ ಸ್ಟಾಪು. ನಿದ್ದೆಹೋದ ತಂಗಿಯನ್ನು ಬೆನ್ನ ಮೇಲೆ ಹೊತ್ತು ಸತ್ಸುಕಿ ಅಪ್ಪನಿಗಾಗಿ ಕಾಯುತ್ತಿದ್ದಾಳೆ. ಕಾಡಿನ ದೊಡ್ಡ ಮಾಯಾಜೀವಿ ಟೊಟೊರೊ ಬಂದು ಪಕ್ಕದಲ್ಲಿ ನಿಲ್ಲುತ್ತದೆ, ತಲೆ ಮೇಲೆ ಬರೀ ಒಂದು ಎಲೆ. ಅಪ್ಪನಿಗೆಂದು ತಂದ ಕೊಡೆಯನ್ನೇ ಅವಳು ಅದಕ್ಕೆ ಕೊಡುತ್ತಾಳೆ. ಕೊಡೆ ಮೇಲೆ ಹನಿ ಟಪ್ ಅಂದಾಗ ಅದರ ಕಣ್ಣು ಅರಳುತ್ತದೆ. ಎಗರಿ ಧೊಪ್ಪೆಂದು ನೆಲಕ್ಕಿಳಿದರೆ ಮರದ ನೀರೆಲ್ಲ ಒಟ್ಟಿಗೆ ಸುರಿಯುತ್ತದೆ! ಕಥೆ ಅಲ್ಲೇ ನಿಂತಿರುತ್ತದೆ, ಆದರೂ ಆ ಹುಡುಗಿ ನಮ್ಮವಳಾಗಿಬಿಡುತ್ತಾಳೆ. ಇಡೀ ಸಿನಿಮಾದಲ್ಲಿ ಒಬ್ಬ ಖಳನೂ ಇಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ ಅನ್ನುವ ಭಯ ಒಂದೇ ಸಾಕು, ಅಲ್ವಾ?

ಇಷ್ಟವಾಗದ್ದು ಎಳೆದಾಟ. ಮಾಂಗಾ, ಅಂದರೆ ಮೂಲದ ಕಾಮಿಕ್ಸ್, ಇನ್ನೂ ಮುಗಿದಿರುವುದಿಲ್ಲ. ಟಿವಿಗೆ ಮಾತ್ರ ವಾರವಾರ ಕಂತು ಬೇಕು. ಅದಕ್ಕೇ ನಡುವೆ ಫಿಲ್ಲರ್, ಅಂದರೆ ಮೂಲದಲ್ಲಿಲ್ಲದ ಕಂತುಗಳನ್ನು, ತುರುಕುತ್ತಾರೆ. ‘ನರುಟೊ’ ಮೊದಲ ಸರಣಿಯಲ್ಲಿ 220 ಕಂತುಗಳಿವೆ. 135ರ ನಂತರ ಬಹುಪಾಲು ಇಂಥವೇ. ಗೆಳೆಯ ಸಾಸುಕೆ ಬಿಟ್ಟುಹೋದ ನೋವು ಇನ್ನೂ ಹಸಿಯಾಗಿದೆ, ನರುಟೊ ನೋಡಿದರೆ ಸಂಬಂಧವೇ ಇಲ್ಲದ ಕೆಲಸಗಳಿಗೆ ಅಲೆಯುತ್ತಿರುತ್ತಾನೆ. ಅಷ್ಟು ಚೆನ್ನಾಗಿ ಕಟ್ಟಿದ ಪಾತ್ರಕ್ಕೆ ಹೀಗಾದಾಗ ನಿಜವಾಗಿ ಸಂಕಟವಾಗುತ್ತದೆ.