ಸೆಟ್‌ಐಟಂ ಕಾವಲಿದ್ದರೂ ತಪ್ಪು ಅಂಕ ಒಳಗೆ ಬರುವುದೇಕೆ?

ಪ್ರಶ್ನೆ: ಪೈಥಾನ್‌ನಲ್ಲಿ ಡಿಕ್ಟ್ (ಕೀ-ವ್ಯಾಲ್ಯೂ ಜೋಡಿಗಳನ್ನು ಇಡುವ ರಚನೆ) ಅನ್ನು ಇನ್‌ಹೆರಿಟ್ ಮಾಡಿ ‘ಅಂಕಪಟ್ಟಿ’ ಎಂಬ ಕ್ಲಾಸ್ ಬರೆದಿದ್ದೇನೆ. ಅಂಕ 0ರಿಂದ 100ರೊಳಗೆ ಇರದಿದ್ದರೆ ಅದರ ಸೆಟ್‌ಐಟಂ (__setitem__) ಮೆಥಡ್ ಎರರ್ ಕೊಡುತ್ತದೆ. ಪಟ್ಟಿ["ಗಣಿತ"] = 150 ಎಂದರೆ ತಡೆಯುತ್ತದೆ. ಅದೇ 150 ಅನ್ನು ಅಪ್‌ಡೇಟ್ ಮೂಲಕ ಕೊಟ್ಟರೆ ಸದ್ದಿಲ್ಲದೆ ಸೇರಿಬಿಡುತ್ತದೆ. ಏಕೆ?
– ಬಿ.ಇ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನಿಮ್ಮ ಚೆಕ್‌ನಲ್ಲಿ ತಪ್ಪಿಲ್ಲ, ಆಯ್ದುಕೊಂಡ ತಾಯಿ ಕ್ಲಾಸ್‌ನಲ್ಲಿದೆ ತೊಡಕು. ಬ್ರಾಕೆಟ್ ಹಾಕಿ ಅಸೈನ್ ಮಾಡಿದಾಗ ಪೈಥಾನ್ ನೀವು ಬರೆದ ಸೆಟ್‌ಐಟಂ ಅನ್ನೇ ಕರೆಯುತ್ತದೆ. ಆದರೆ ಡಿಕ್ಟ್‌ನ ಅಪ್‌ಡೇಟ್, ಸೆಟ್‌ಡೀಫಾಲ್ಟ್, ಕನ್‌ಸ್ಟ್ರಕ್ಟರ್ ಮೂರೂ ಸಿ ಭಾಷೆಯಲ್ಲಿ ಬರೆದವು. ಅವು ಒಳಗಿನ ಹ್ಯಾಶ್ ಟೇಬಲ್‌ಗೆ ನೇರವಾಗಿ ಬರೆಯುತ್ತವೆ, ನಿಮ್ಮ ಮೆಥಡ್‌ನತ್ತ ತಿರುಗಿಯೂ ನೋಡುವುದಿಲ್ಲ.

ಡಿಕ್ಟ್ ಬದಲು ಕಲೆಕ್ಷನ್ಸ್ ಮಾಡ್ಯೂಲ್‌ನ ಯೂಸರ್‌ಡಿಕ್ಟ್ ಅನ್ನು ಇನ್‌ಹೆರಿಟ್ ಮಾಡಿ. ಅದರಲ್ಲಿ ಈ ಮೂರೂ ಸೆಟ್‌ಐಟಂ ಮೂಲಕವೇ ಹಾದುಹೋಗುತ್ತವೆ. ಚೆಕ್ ಮುಗಿದ ಮೇಲೆ ಸೆಲ್ಫ್.ಡೇಟಾ[ಕೀ] = ವ್ಯಾಲ್ಯೂ ಎಂದು ಬರೆಯಿರಿ; ಡೇಟಾ ಎಂದರೆ ಯೂಸರ್‌ಡಿಕ್ಟ್ ಒಳಗಿಟ್ಟುಕೊಂಡ ನಿಜವಾದ ಡಿಕ್ಟ್. ಅಲ್ಲಿ ಸೆಲ್ಫ್[ಕೀ] ಎಂದರೆ ಮೆಥಡ್ ತನ್ನನ್ನೇ ಮತ್ತೆ ಮತ್ತೆ ಕರೆದುಕೊಂಡು ರಿಕರ್ಷನ್ ಎರರ್ ಬರುತ್ತದೆ.

ಒಂದು ಕಿಂಡಿ ಇನ್ನೂ ಉಳಿಯುತ್ತದೆ. ಇನ್ನೊಂದು ಡಿಕ್ಟ್‌ನ ಅಂಶಗಳನ್ನು ಸೇರಿಸಲು ಪೈಥಾನ್ 3.9ರಲ್ಲಿ ಬಂದ |= ಆಪರೇಟರ್ ಯೂಸರ್‌ಡಿಕ್ಟ್‌ನಲ್ಲೂ ಸೆಟ್‌ಐಟಂ ಅನ್ನು ಕರೆಯದೆ ನೇರವಾಗಿ ಬರೆದುಬಿಡುತ್ತದೆ. ಅದರ ಐಒಆರ್ (__ior__) ಮೆಥಡ್ ಅನ್ನು ನೀವೇ ಬರೆದು, ಒಳಗೆ ಅಪ್‌ಡೇಟ್ ಕರೆದು, ಕೊನೆಗೆ ಸೆಲ್ಫ್ ಅನ್ನು ರಿಟರ್ನ್ ಮಾಡಿ. ರಿಟರ್ನ್ ಮರೆತರೆ ನಿಮ್ಮ ವೇರಿಯಬಲ್‌ನಲ್ಲಿ ನನ್ (None, ಅಂದರೆ ‘ಏನೂ ಇಲ್ಲ’) ಮಾತ್ರ ಉಳಿಯುತ್ತದೆ. ಇನ್ನು, ಯೂಸರ್‌ಡಿಕ್ಟ್ ನಿಜವಾದ ಡಿಕ್ಟ್ ಅಲ್ಲ. ಜೇಸನ್ (JSON) ಮಾಡ್ಯೂಲ್‌ಗೆ ಕೊಡುವಾಗ ಪಟ್ಟಿ.ಡೇಟಾ ಎಂದೇ ಕೊಡಿ.

ಪ್ರಶ್ನೆ: ಸೆಟ್‌ಐಟಂನಲ್ಲಿ ಚೆಕ್ ಇರುವ ‘ತರಗತಿ’ ಎಂಬ ಆಬ್ಜೆಕ್ಟ್ ನನ್ನಲ್ಲಿದೆ. ತರಗತಿ["ರವಿ"]["ಗಣಿತ"] = 150 ಎಂದು ಬರೆದರೆ ತರಗತಿಯ ಸೆಟ್‌ಐಟಂ ಓಡುವುದೇ ಇಲ್ಲ, ಏಕೆ? ಅದರೊಳಗೆ ಮಾಮೂಲಿ ಡಿಕ್ಟ್‌ಗಳಿವೆ.
– ಓದುಗರು, ಹುಬ್ಬಳ್ಳಿ

ಉತ್ತರ: ಓಡಬಾರದು ಕೂಡ. ಮೊದಲ ಬ್ರಾಕೆಟ್ ಬರೀ ಓದು, ಅಂದರೆ ತರಗತಿಯ ಗೆಟ್‌ಐಟಂ. ಅದು ಕೊಟ್ಟ ಒಳಗಿನ ಡಿಕ್ಟ್‌ನ ಮೇಲೆ ಎರಡನೆಯ ಬ್ರಾಕೆಟ್‌ನ ಸೆಟ್‌ಐಟಂ ನಡೆಯುತ್ತದೆ. ಹಾಗಾಗಿ ಚೆಕ್ ಇರಬೇಕಾದದ್ದು ಒಳಗೆ: ರವಿಯ ಹೆಸರಿಗೆ ಮಾಮೂಲಿ ಡಿಕ್ಟ್ ಇಡದೆ, ಮೇಲೆ ಹೇಳಿದಂಥ ಅಂಕಪಟ್ಟಿಯನ್ನೇ ಇಡಿ. ಇಲ್ಲವೇ ತರಗತಿ["ರವಿ", "ಗಣಿತ"] = 95 ಎಂದು ಒಂದೇ ಬ್ರಾಕೆಟ್‌ನಲ್ಲಿ ಬರೆಯಿರಿ. ಆಗ ಎರಡೂ ಸೇರಿದ ಟ್ಯೂಪಲ್ ಒಂದೇ ಕೀ ಆಗಿ ತರಗತಿಯ ಸೆಟ್‌ಐಟಂಗೆ ತಲುಪುತ್ತದೆ. += ಬಗ್ಗೆ ಚಿಂತೆ ಬೇಡ: ಅದು ಗೆಟ್‌ಐಟಂನಿಂದ ಓದಿ, ಕೂಡಿಸಿ, ಸೆಟ್‌ಐಟಂಗೇ ಮರಳಿಸುತ್ತದೆ.